ದುಂಡು ಕಣ್ಣಿನ ಕಾರು, ಮೂರು ಬಿಳಿ ಅಂಗಿ

ಜರ್ಮನಿಯ ಒಂದು ಕಾರಿನ ಕಣ್ಣು ಬದಲಿಸುತ್ತಾರಂತೆ. ಅದನ್ನು ಓದಿದಾಗಿನಿಂದ ಆಳಂದದಲ್ಲಿ ಇಬ್ಬರಿಗೆ ಸಮಾಧಾನವಿಲ್ಲ.

ಒಬ್ಬ ನಾನು. ಇನ್ನೊಬ್ಬಳು ನನ್ನ ಅಕ್ಕನ ಮಗಳು ನಂದಾ.

ಯಾವ ಕಾರು ಎಂದು ಕೇಳಬೇಡಿ. (ಹೆಸರು ಬರೆದರೆ ಉಚ್ಚಾರ ತಪ್ಪು ಎಂದು ಕಾರ್ಡು ಹಾಕುವ ಓದುಗರೊಬ್ಬರಿದ್ದಾರೆ. ಅವರಿಗೆ ನಮಸ್ಕಾರ.) ಗುರುತು ಹೇಳುತ್ತೇನೆ. ಇಳಿಜಾರು ಬೆನ್ನು, ಹಿಂದೆ ಇಂಜಿನ್ನು, ಮುಂದೆ ಎರಡು ದುಂಡು ಹೆಡ್‌ಲೈಟು. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಅದರ ಮುಖ ಹಾಗೇ ಇದೆ. ಅದು ಆಳಂದಕ್ಕೆ ಬಂದಿಲ್ಲ, ಬರುವುದೂ ಇಲ್ಲ. ಬಂದರೂ ನಮ್ಮ ಬಸ್‌ಸ್ಟ್ಯಾಂಡಿನ ಮುಂದಿನ ತಗ್ಗು ದಾಟಲಾರದು. ಹೈಸ್ಕೂಲ್ ಮಾಸ್ತರನಾದ ನನ್ನ ಹತ್ತಿರ ಇರುವುದು ಒಂದು ಲೂನಾ. ಆದರೂ ಆ ಕಾರಿನ ಚಿಂತೆ ನನಗೆ. ನಿಮ್ಮಲ್ಲಿ ಕ್ರಿಕೆಟ್ ಟೀಮು ಸೋತರೆ ಊಟ ಬಿಡುವವರಿಲ್ಲವೇ? ಇದೂ ಅಂಥದೇ ರೋಗ.

ಸುದ್ದಿ ತಂದವನು ಗೆಳೆಯ ಮಹಿಬೂಬ. ಅವನದು ಸ್ಪೇರ್‌ಪಾರ್ಟ್ಸ್ ಅಂಗಡಿ. ಮಾಲು ತರಲು ಸೊಲ್ಲಾಪುರಕ್ಕೆ ಹೋದಾಗಲೆಲ್ಲ ನನಗಾಗಿ ಕಾರಿನ ಇಂಗ್ಲಿಷ್ ಮ್ಯಾಗಜೀನು ತರುತ್ತಾನೆ. ಈ ಸಲದ್ದರಲ್ಲಿ ಒಂದು ಫೋಟೊ ಇತ್ತು. ಹೊಸ ಮಾಡೆಲನ್ನು ರಸ್ತೆಯ ಮೇಲೆ ಓಡಿಸಿ ಪರೀಕ್ಷೆ ಮಾಡುವಾಗ ಯಾರೋ ಗಿಡದ ಮರೆಯಿಂದ ಕದ್ದು ತೆಗೆದದ್ದು. ಆಕಾರ ಯಾರಿಗೂ ತಿಳಿಯಬಾರದೆಂದು ಕಂಪನಿಯವರು ಕಾರಿನ ಮೈತುಂಬ ಕರಿ ಪಟ್ಟಿ ಅಂಟಿಸಿದ್ದರು. ಹೆಡ್‌ಲೈಟುಗಳನ್ನಂತೂ ಪೂರಾ ಮುಚ್ಚಿದ್ದರು.

"ಕಣ್ಣ ಬದಲ ಮಾಡಾಕತ್ತಾರ್ರಿ ಮಾಸ್ತರ್ರ," ಎಂದ ಮಹಿಬೂಬ. "ದುಂಡ ಹೋಗಿ ಉದ್ದ ಬರ್ತಾವಂತ. ಪಕ್ಕಾ ಅಲ್ಲ, ಬರೇ ಅಂದಾಜ್."

ಅಂದಾಜು ಎನ್ನುವುದಕ್ಕಿಂತ ಕೆಟ್ಟ ಸುದ್ದಿ ಇದೆಯೇ? ಪಕ್ಕಾ ಆಗಿದ್ದರೆ ಒಂದು ದಿನ ಬೈದು ಸುಮ್ಮನಾಗಬಹುದಿತ್ತು. ಈಗ ಮುಂದಿನ ಸಂಚಿಕೆ ಬರುವವರೆಗೆ ಕಾಯಬೇಕು. ಕುಂತಲ್ಲಿ ಕುಂಡ್ರಲಾಗದೆ ಲೂನಾ ಹತ್ತಿ ಅಕ್ಕನ ಮನೆಗೆ ಹೋದೆ.

ಅಕ್ಕ ಶಾಂತಾಬಾಯಿ ಇದೇ ಊರಲ್ಲಿ, ಎರಡು ಓಣಿ ಆಚೆ ಇರುತ್ತಾಳೆ. ಅವಳ ಗಂಡ ತೀರಿಕೊಂಡ ಮೇಲೆ ಆ ಮನೆಯ ಹೊರಗಿನ ಮಾತುಕತೆಯೆಲ್ಲ ನನ್ನ ಪಾಲಿನದು. ನಂದಾ ಅವಳ ಒಬ್ಬಳೇ ಮಗಳು. ಮನೆಯಲ್ಲೇ ಮಷಿನ್ನು ಹಾಕಿಕೊಂಡು ಬ್ಲೌಸು ಹೊಲಿಯುತ್ತಾಳೆ. ಅರ್ಧ ಓಣಿಯ ಹೆಂಗಸರ ಬೆನ್ನಿನ ಡಿಸೈನು ಇವಳದೇ. ದಪ್ಪ ಗಾಜಿನ ದುಂಡು ಚಷ್ಮಾ ಹಾಕುತ್ತಾಳೆ. ಅದನ್ನು ತೆಗೆದರೆ ನಾಲ್ಕು ಮಾರು ದೂರದಲ್ಲಿ ನಿಂತ ನಾನು ಮನುಷ್ಯನೋ ಕಂಬವೋ ಗೊತ್ತಾಗುವುದಿಲ್ಲ.

ಫೋಟೊ ಕೊಟ್ಟೆ. ಅವಳು ಅದನ್ನು ಬಟ್ಟೆಯ ಹಾಗೆ ಬೆಳಕಿಗೆ ಹಿಡಿದು ನೋಡಿದಳು.

"ಕಟಿಂಗ್ ಅದೇ ಅದ ಮಾಮಾ," ಎಂದಳು. "ಬೆನ್ನ ಮುಟ್ಟಿಲ್ಲ. ಮಾರಿ ಅಷ್ಟೇ ಬದಲ ಮಾಡ್ಯಾರ. ಆದ್ರ ಆ ಕಣ್ಣ ತಗದ್ರ, ಅದು ಅದೇ ಕಾರ್ ಹೆಂಗ ಆಗ್ತದ?"

ನನ್ನ ಹೊಟ್ಟೆಯಲ್ಲಿದ್ದ ಮಾತೇ ಅದು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇಬ್ಬರೂ ಚಿತ್ರ ಬರೆಯಲು ಕುಳಿತೆವು. ಹೊಸ ಕಣ್ಣು ಹೀಗಿರಬಹುದೇ, ಹಾಗಿರಬಹುದೇ? ತತ್ತಿಯ ಹಾಗೆ? ಬಾದಾಮಿಯ ಹಾಗೆ? ಯಾವುದನ್ನು ಬರೆದರೂ ಕಾರು ನಿದ್ದೆಗಣ್ಣಲ್ಲಿ ಇದ್ದಂತೆ ಕಂಡಿತು. ಕೊನೆಗೆ ನಂದಾ ಎಲ್ಲದರ ಮೇಲೂ ಬಾಟಲಿಯ ಮುಚ್ಚಳ ಇಟ್ಟು ದುಂಡಗೆ ತಿದ್ದಿದಳು.

ಅಕ್ಕ ಅಡುಗೆ ಮನೆಯಿಂದ ಬಂದು ಫೋಟೊ ನೋಡಿದಳು.

"ಇದಕ್ಕ್ಯಾಕ ಇಷ್ಟ್ ಕರಿ ಬಡದಾರ? ದೃಷ್ಟಿ ಆಗಬಾರದಂತೇನು?"

ನಗಬೇಡಿ. ನಮ್ಮಲ್ಲಿ ಹೊಸ ಲಾರಿ ಬಂದರೆ ಹಿಂದೆ ಹಳೇ ಚಪ್ಪಲಿ ಕಟ್ಟುತ್ತೇವೆ, ಕೂಸಿನ ಗಲ್ಲಕ್ಕೆ ಕಾಡಿಗೆ ಇಡುತ್ತೇವೆ. ಜರ್ಮನಿಯವರಿಗೂ ದೃಷ್ಟಿಯ ಹೆದರಿಕೆ ಇರಬಾರದೇ? ನಾನು ವಿವರಿಸಲು ಹೋದೆ. ಅಕ್ಕ ಕೇಳಲಿಲ್ಲ. ಅವಳಿಗೆ ಬೇರೆ ಸುದ್ದಿ ಇತ್ತು.

"ಐತವಾರ ಅಫಜಲಪುರದವರು ಕನ್ಯಾ ನೋಡಾಕ ಬರಾಕತ್ತಾರ. ನೀ ಇರಬೇಕು. ಮತ್ತ ಆಕಿ ಚಷ್ಮಾ ಹಾಕ್ಕೊಳ್ಳಂಗಿಲ್ಲ."

"ಅದ್ಯಾಕ?" ಎಂದೆ.

"ಹೋದ ಸಲ ಬಂದವರು ಚಷ್ಮಾ ನೋಡಿ ಸುಸ್ಲಾ ಸುದ್ದಾ ಮುಟ್ಟದ ಎದ್ದು ಹೋದ್ರು. ಮರ್ತಿಯೇನು? ಲಗ್ನ ಆದ ಮ್ಯಾಲ ಎಷ್ಟ್ ಬೇಕಾದ್ರೂ ಹಾಕ್ಕೊಳ್ಳಲಿ. ನೀ ಸುಮ್ನಿರು ತಮ್ಮಾ."

ನಾನು ಇನ್ನೂ ಒಂದೆರಡು ಮಾತು ಆಡಿದೆ. ಅಕ್ಕನ ಮುಂದೆ ನನ್ನ ವಾದ ಹೆಡ್‌ಮಾಸ್ತರ ಮುಂದಿನ ವಾದಕ್ಕಿಂತ ಬೇಗ ಮುಗಿಯುತ್ತದೆ. ಹುಡುಗ ಚಷ್ಮಾ ಹಾಕಿದರೆ ಓದಿದ್ದಾನೆ ಎನ್ನುತ್ತೇವೆ. ಹುಡುಗಿ ಹಾಕಿದರೆ ಏನಾಗಿದೆ ಎಂದು ಕೇಳುತ್ತೇವೆ. ಇದನ್ನು ಯಾರು ಶುರು ಮಾಡಿದರು? ಆದರೆ ಅಕ್ಕನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಮಂಡಕ್ಕಿ ಸುಸ್ಲಾದ ಆ ತುಂಬಿದ ತಾಟುಗಳನ್ನು ಅವಳು ಒಂದೊಂದಾಗಿ ಒಳಗೆ ಎತ್ತಿಕೊಂಡು ಹೋದದ್ದನ್ನು ನಾನೇ ನೋಡಿದ್ದೆ.

ಭಾನುವಾರ ಬಂತು. ಜಮಖಾನೆಯ ಮೇಲೆ ಮೂವರು ಗಂಡಸರು ಸಾಲಾಗಿ ಕುಳಿತರು. ಮೂವರದೂ ಇಸ್ತ್ರಿಯ ಬಿಳಿ ಅಂಗಿ. ಬಲಕ್ಕೆ ಹುಡುಗ ಸಿದ್ದರಾಮ. ಊರು ಕರಜಗಿ, ಅಫಜಲಪುರದಲ್ಲಿ ಪಂಪ್‌ಸೆಟ್ಟಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ನಡುವೆ ಅವನ ಅಕ್ಕನ ಗಂಡ, ಜೇವರ್ಗಿಯವರು. ಎಡಕ್ಕೆ ಒಬ್ಬ ಕಾಕಾ. ಹುಡುಗನ ತಾಯಿ ಹೆಂಗಸರ ಜೊತೆ ಒಳಗೆ ಕುಳಿತರು.

ನಂದಾ ಚಹಾದ ತಟ್ಟೆ ಹಿಡಿದು ಬಂದಳು, ಬರಿ ಕಣ್ಣಲ್ಲಿ. ಈಗ ಅವಳು ಚಹಾ ಚೆಲ್ಲುತ್ತಾಳೆ ಎಂದು ನೀವು ಕಾಯುತ್ತಿದ್ದೀರಿ. ಚೆಲ್ಲಲಿಲ್ಲ. ಹುಟ್ಟಿದ ಮನೆ, ಪ್ರತಿ ಹೊಸ್ತಿಲೂ ಕಾಲಿಗೆ ಗೊತ್ತು. ಕೊಟ್ಟಳು, ನಮಸ್ಕಾರ ಮಾಡಿದಳು, ತಲೆ ತಗ್ಗಿಸಿ ಕುಳಿತಳು. ಮಾತೆಲ್ಲ ಜೇವರ್ಗಿಯವರದೇ. ಒಳ್ಳೆ ಮಾತುಗಾರರು, ದನಿ ರೇಡಿಯೋದವರ ಹಾಗೆ. ಹುಡುಗ ಬಾಯಿ ಬಿಡಲಿಲ್ಲ. ತನ್ನ ಮೀಸೆ ಮುಟ್ಟಿಕೊಳ್ಳುತ್ತ ಇದ್ದ.

ಮರುದಿನವೇ ಎಸ್‌ಟಿಡಿ ಬೂತಿನವನು ಕರೆಯಲು ಬಂದ. ಅಫಜಲಪುರದವರಿಗೆ ಹುಡುಗಿ ಒಪ್ಪಿಗೆ. ಅಕ್ಕ ನನ್ನ ಬಾಯಿಗೆ ಸಕ್ಕರೆ ಹಾಕಿದಳು.

ನಂದಾಳನ್ನು ಕೇಳಬೇಕಲ್ಲ? ಕೇಳಿದೆ. "ಹುಡುಗ ಹೆಂಗದಾನವಾ?"

ಅವಳು ಮಷಿನ್ನು ನಿಲ್ಲಿಸಿದಳು.

"ಮೂರು ಬಿಳಿ ಅಂಗಿ ಕಂಡ್ವು ಮಾಮಾ. ಅದರಾಗ ಹುಡುಗ ಯಾರು? ನಡುವಿನವರೇನು? ದನಿ ಛಲೋ ಇತ್ತು."

"ಅವರು ಆತನ ಅಕ್ಕನ ಗಂಡವಾ. ಎರಡು ಮಕ್ಕಳ ತಂದಿ."

ನಾನು ನಕ್ಕೆ. ಅವಳು ನಗಲಿಲ್ಲ.

"ಹಂಗಾದ್ರ ನಾ ಹುಡುಗನ್ನ ನೋಡೇ ಇಲ್ಲ. ಚಷ್ಮಾ ಹಾಕ್ಕೊಂಡು ಒಮ್ಮಿ ನೋಡಬೇಕು. ಬರಾಕ ಹೇಳು."

ಅಕ್ಕನ ಮುಖದಿಂದ ಸಕ್ಕರೆ ಇಳಿದುಹೋಯಿತು. "ನೋಡೂದ್ಯಾಕ? ನಾ ಏನು ನಿಮ್ಮಪ್ಪಗ ನೋಡಿ ಮಾಡ್ಕೊಂಡೆನೇನು?"

"ನೀ ಕಣ್ಣಿದ್ದು ನೋಡ್ಲಿಲ್ಲ ಅವ್ವಾ. ನನಗ ಚಷ್ಮಾ ಅದ, ನೋಡ್ತೇನಿ."

"ಕೂಡಿ ಬಂದಿದ್ದು ಮುರದ್ರ?"

ನಂದಾ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಗೋಡೆಗೆ ಚುಚ್ಚಿದ್ದ ಮ್ಯಾಗಜೀನಿನ ಫೋಟೊ ಕಡೆ ನೋಡಿದಳು. ನಿಧಾನವಾಗಿ ಹೇಳಿದಳು.

"ಲಗ್ನ ಆದ ಮ್ಯಾಲ ಕರಿ ಪಟ್ಟಿ ಬಿಚ್ಚೂದಂತೀ. ಬಿಚ್ಚಿದ ಮ್ಯಾಲ ಅವರು ಇದು ನಾವು ಒಪ್ಪಿದ್ದಲ್ಲ ಅಂದ್ರ, ನಾ ಎಲ್ಲಿ ಹೋಗ್ಲಿ?"

ಅಕ್ಕ ಅಡುಗೆ ಮನೆಗೆ ಎದ್ದು ಹೋದಳು. ದೂರದ ದೇಶದ ಕಾರಿನ ಕಣ್ಣು ಉಳಿಯಲಿ ಎಂದು ಲೂನಾ ಹತ್ತಿ ಊರೆಲ್ಲ ಸುತ್ತುವ ನಾನು, ಮನೆಯ ಹುಡುಗಿಯ ಮಾತು ಹೇಳಲು ಅಫಜಲಪುರದವರೆಗೆ ಹೋಗಲಾರೆನೇ?

ಹೋದೆ. ಬಸ್ಸಿಗೆ ಒಂದೇ ಹೆಡ್‌ಲೈಟು. (ಹಗಲಾದ್ದರಿಂದ ಕ್ಷಮಿಸಿದೆ.) ಎರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು ದಾರಿ ಮುಗಿಯಲೇ ಇಲ್ಲ. ಕಂಡಕ್ಟರನಿಗಿಂತ ಹೆಚ್ಚು ಸಲ ನಾನೇ ಎದ್ದು ಮುಂದೆ ಇಣುಕಿದೆ. ಹೇಳುವುದು ಹೇಗೆ? ನಮ್ಮ ಹುಡುಗಿಗೆ ಕಣ್ಣು ಮಂಜು ಎನ್ನಲೇ? ನಿಮಗೆ ಮೋಸ ಮಾಡಿದೆವು ಎನ್ನಲೇ? ಬೇಡವಾದರೆ ಬಿಡಿ ಎನ್ನಲೇ?

ಸಿದ್ದರಾಮ ಅಂಗಡಿಯಲ್ಲಿ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದ. ಎದ್ದು ಕುರ್ಚಿ ಒರೆಸಿದ. ನಾನು ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಚಷ್ಮಾ, ಮೂರು ಅಂಗಿ, ಜೇವರ್ಗಿಯವರ ದನಿ, ಎಲ್ಲ.

ಅವನು ಕೈಯಲ್ಲಿದ್ದ ತಂತಿ ಕೆಳಗಿಟ್ಟ. ಸಂಬಂಧ ಮುರಿಯಿತು ಎಂದುಕೊಂಡೆ.

"ಅಂದ್ರ," ಎಂದ, "ಅವತ್ತ ನಾ ಆಕಿಗಿ ಕಾಣ್ಸಲೇ ಇಲ್ಲೇನ್ರಿ?"

"ಅಂಗಿ ಕಂಡದಪಾ."

"ಆ ಅಂಗಿ ಹೊಸದಾಗಿ ಹೊಲಿಸಿದ್ದೆನ್ರಿ. ಮೀಸಿ ಎರಡ ಸಲ ತಿದ್ದಿಸ್ಕೊಂಡಿದ್ದೆ." ಅವನ ದನಿಯಲ್ಲಿದ್ದದ್ದು ಸಿಟ್ಟಲ್ಲ, ನಿರಾಸೆ. "ಖಾಲಿ ಹೋಯ್ತಲ್ರಿ ಎಲ್ಲಾ."

ನನಗೆ ಆ ಹುಡುಗ ಒಮ್ಮೆಲೇ ಇಷ್ಟವಾದ. ಆದರೆ ಅವನು ಮುಂದೆ ಹೇಳಿದ್ದು ಇಷ್ಟೇ: "ಅವ್ವಗ ಕೇಳಬೇಕ್ರಿ. ಚಷ್ಮಾದವರು ನಮ್ಮ ಮನಿತನದಾಗ ಯಾರೂ ಇಲ್ಲ. ಆಕಿ ಏನಂತಾಳೋ."

ಮುಂದಿನ ದಿನಗಳನ್ನು ಹೇಗೆ ಕಳೆದೆನೋ ಕೇಳಬೇಡಿ. ಒಂದು ಕಡೆ ಸೊಲ್ಲಾಪುರದ ಮ್ಯಾಗಜೀನಿಲ್ಲ, ಇನ್ನೊಂದು ಕಡೆ ಅಫಜಲಪುರದ ಫೋನಿಲ್ಲ. ಮಹಿಬೂಬನ ಅಂಗಡಿಗೆ ಹೋದರೆ ಬೂತಿನ ನೆನಪು, ಬೂತಿಗೆ ಹೋದರೆ ಅಂಗಡಿಯ ನೆನಪು. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಳು. ನಂದಾ ಮಾತ್ರ ಮಷಿನ್ನು ತುಳಿಯುತ್ತಲೇ ಇದ್ದಳು. ಆದರೆ ಹೊಲಿದದ್ದನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಒಂದು ಸಂಜೆ ಫೋನಿಲ್ಲ, ಗೀನಿಲ್ಲ, ತಾಯಿ ಮಗ ಇಬ್ಬರೇ ನೇರ ಅಕ್ಕನ ಬಾಗಿಲಿಗೆ ಬಂದು ನಿಂತರು. ಅವನು ಅದೇ ಬಿಳಿ ಅಂಗಿ ಹಾಕಿದ್ದ. ಓಣಿಯ ಹುಡುಗನೊಬ್ಬ ಓಡಿ ಬಂದು ಹೇಳಿದ, ನಾನು ಹಾಗೇ ಚಪ್ಪಲಿ ಮೆಟ್ಟದೆ ಓಡಿದೆ.

ನಂದಾ ಚಹಾ ತಂದಳು. ಚಷ್ಮಾ ಹಾಕಿದ್ದಳು. ಅಕ್ಕ ಬಾಗಿಲ ಹಿಂದೆ ನಿಂತು ಸೆರಗು ಹಿಂಡುತ್ತಿದ್ದಳು. ನಂದಾ ತಟ್ಟೆ ಇಟ್ಟು, ಎದುರು ಕುಳಿತು, ತಲೆ ಎತ್ತಿ ನೋಡಿದಳು. ಆ ಫೋಟೊ ನೋಡಿದ ಹಾಗೆಯೇ, ಬೆಳಕಿಗೆ ಹಿಡಿದ ಹಾಗೆ. ಈ ಸಲ ತಲೆ ತಗ್ಗಿಸಿದವನು ಹುಡುಗ.

ತಾಯಿ ನೋಡುತ್ತಲೇ ಇದ್ದರು. ಕೊನೆಗೆ ಕೇಳಿದರು. "ಈಗ ಬರೋಬ್ಬರಿ ಕಾಣ್ತದೇನವಾ?"

"ಕಾಣ್ತದರಿ."

"ಹೆಂಗದಾನ ನಮ್ಮ ಹುಡುಗ?"

ಹುಡುಗಿಗೆ ಕೇಳುವ ಪ್ರಶ್ನೆಯೇ ಅದು? ನಮ್ಮ ಕಡೆ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ನಂದಾ ಸ್ವಲ್ಪ ಯೋಚಿಸಿದಳು.

"ಮೀಸಿ ಎಡಕ ಸ್ವಲ್ಪ ಸಣ್ಣ ಆಗ್ಯದರಿ."

ಬಾಗಿಲ ಹಿಂದೆ ಅಕ್ಕ ಹಣೆ ಬಡಿದುಕೊಂಡದ್ದು ನನಗೆ ಕೇಳಿಸಿತು. ಸಿದ್ದರಾಮನ ಕೈ ಮೀಸೆಗೆ ಹೋಯಿತು. ತಾಯಿ ಮಗನ ಗದ್ದ ಹಿಡಿದು ಮುಖ ಅತ್ತಿತ್ತ ಹೊರಳಿಸಿ ನೋಡಿದರು.

"ಖರೇನೇ ಅದ," ಎಂದರು. "ದಿನಾ ನೋಡ್ತೇನಿ, ನನಗ ಕಂಡಿದ್ದಿಲ್ಲ ನೋಡು." ನಗು ತಡೆಯಲಾಗದೆ ಬಾಯಿಗೆ ಸೆರಗು ಹಿಡಿದರು. ಹುಡುಗನೂ ನಕ್ಕ. ಆಗ ನಂದಾ ನಕ್ಕಳು. ಒಳಗೆ ಹೋಗಿ ಅವ್ವನ ಕಿವಿಯಲ್ಲಿ ಹೂಂ ಎಂದಳಂತೆ. ಆಮೇಲೆ ಅಕ್ಕ ನನ್ನ ಜೊತೆ ಮತ್ತೆ ಮಾತಾಡಲು ಶುರು ಮಾಡಿದಳು, ಮೊದಲು ಬೈಗುಳದಿಂದಲೇ.

ಹೊರಡುವಾಗ ಸಿದ್ದರಾಮ ಗೋಡೆಯ ಮೇಲಿದ್ದ ಫೋಟೊ ನೋಡಿ ನಿಂತ. ಇದೇನು ಎಂದು ಕೇಳಿದ. ನಂದಾಳೇ ಹೇಳಿದಳು, ಕಣ್ಣು ಬದಲಿಸುತ್ತಾರಂತೆ ಎಂದು. ಅವನು ವೈಂಡಿಂಗ್ ಮಾಡುವವನು, ಕಾರಿನ ಗೊಡವೆ ಅವನಿಗಿಲ್ಲ. ಆದರೂ ಬಹಳ ಗಂಭೀರವಾಗಿ ನೋಡಿದ.

"ದುಂಡೇ ಇರಬೇಕ್ರಿ," ಎಂದ. (ಮೆಚ್ಚಿಸಲು ಹೇಳಿದನೋ, ಮನಸ್ಸಿನಿಂದ ಹೇಳಿದನೋ ನಾನು ತನಿಖೆ ಮಾಡಿಲ್ಲ.)

ಮಹಿಬೂಬ ನಾಳೆ ಸೊಲ್ಲಾಪುರಕ್ಕೆ ಹೊರಟಿದ್ದಾನೆ. ಹೊಸ ಸಂಚಿಕೆ ಸಿಗಬಹುದು, ಸಿಗದೆಯೂ ಇರಬಹುದು. ನನಗೆ ಈಗಲೂ ಕುಂತಲ್ಲಿ ಕುಂಡ್ರಲಾಗುತ್ತಿಲ್ಲ. ಕಾರಿನವರು ಕಣ್ಣನ್ನು ತತ್ತಿ ಮಾಡಿದರೋ ಬಾದಾಮಿ ಮಾಡಿದರೋ ತಿಳಿಯುವ ತನಕ ಹೀಗೆಯೇ. ಆದರೆ ಆ ಕಂಪನಿಯವರನ್ನು, ಹಾಗೆಯೇ ನಾಳೆ ಇನ್ನಾವುದೋ ಮನೆಗೆ ಕನ್ಯಾ ನೋಡಲು ಹೊರಟವರನ್ನು, ಒಂದೇ ಒಂದು ಮಾತು ಕೇಳಬೇಕೆನಿಸಿದೆ.

ದೀಪ ಇರುವುದು ದಾರಿ ಕಾಣಲಿಕ್ಕೋ, ಎದುರಿಗೆ ಬರುವವರಿಗೆ ಚೆಂದ ಕಾಣಲಿಕ್ಕೋ?