ಟೈಲರಮ್ಮನ ಮೂರು ಕುಂಡಗಳು

ಮೂರನೇ ಮಹಡಿಯ ಟೈಲರಮ್ಮನಿಗೆ ಆ ಕಟ್ಟಡದ ನಲವತ್ತು ಮನೆಯವರ ಸೊಂಟದಳತೆಯೂ ಬಾಯಿಪಾಠ. ಒಬ್ಬರದನ್ನು ಇನ್ನೊಬ್ಬರ ಮುಂದೆ ಬಾಯಿಬಿಟ್ಟವರಲ್ಲ. ಅಂಥವರ ತಲೆ ಕೆಡಿಸಿದ್ದು ಕಟ್ಟಡದ ಸಂಘದ ಸೆಕ್ರೆಟರಿ ಮೆಟ್ಟಿಲ ಬಳಿ ಅಂಟಿಸಿದ ನೋಟೀಸು: ಕಾರಿಡಾರಿನ ಕಟ್ಟೆಯ ಮೇಲೆ ಇನ್ನು ಒಂಬತ್ತಿಂಚಿನ ಬಿಳಿ ಪ್ಲಾಸ್ಟಿಕ್ ಕುಂಡಗಳು ಮಾತ್ರ, ಉಳಿದವು ಮುಂದಿನ ತಿಂಗಳ ಮೊದಲ ಭಾನುವಾರ ಕಸಕ್ಕೆ. ಕೆಳಗೆ ಸಹಿ, ಸಹಿಗೆ ಎರಡು ಅಡಿಗೆರೆ. ಎರಡು ದೇಶಗಳ ಗಡಿಯನ್ನೂ ಯಾರೂ ಅಷ್ಟು ಒತ್ತಿ ಎಳೆದಿರಲಾರರು.

ಟೈಲರಮ್ಮನ ಗಿಡಗಳಿದ್ದದ್ದು ಹಳೇ ಪೇಂಟ್ ಡಬ್ಬಗಳಲ್ಲಿ.

"ಡಬ್ಬ ಬೇಡ್ವಾ, ತೆಗೀತೀನಿ. ಆದ್ರೆ ಆ ಪ್ಲಾಸ್ಟಿಕ್ ನನ್ನ ಬಾಗಿಲ ಮುಂದೆ ಬರಲ್ಲ. ಜೇಡಿಮಣ್ಣು ತನ್ನಿ, ಕುಂಡ ನಾವೇ ಮಾಡೋಣ."

"ನಿನಗೆ ಮಾಡೋಕೆ ಬರುತ್ತಾ?" ಎಂದರು ರಿಟೈರಾದ ಬಸ್ ಡ್ರೈವರ್ ಗಂಡ.

"ಮದುವೆಯಾದಾಗ ಅಡುಗೇನೂ ಬರ್ತಿರಲಿಲ್ಲ. ನೀವು ಬದುಕಿಲ್ವಾ?"

ಮಣ್ಣನ್ನು ಲಟ್ಟಣಿಗೆಯಲ್ಲಿ ಲಟ್ಟಿಸಿ, ತೋಳಿನ ಪಟ್ಟಿ ಕತ್ತರಿಸಿದಂತೆ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಒದ್ದೆ ಮಣ್ಣು ಬಳಿದರು. ಅಳತೆ ಕರಾರುವಾಕ್ಕು ಒಂಬತ್ತಿಂಚು. ಒಣಗಿಸಿ, ಮರಗೆಲಸದಂಗಡಿಯ ಹಿಂದೆ ಹಳೇ ಡ್ರಮ್ಮಿನಲ್ಲಿ ಮರದ ಪುಡಿ ತುಂಬಿ ಸುಟ್ಟು ತೆಗೆದರೆ ಎಲ್ಲವೂ ಎಂಟಿಂಚು. ಎರಡು ಸೀಳಿದ್ದವು ಬೇರೆ.

ಮಗಳು ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಹೊಸ ಬಟ್ಟೆ ನೆನೆಸಿದ್ರೆ ಕುಗ್ಗುತ್ತೆ ಅಂತ ಊರಿಗೆಲ್ಲ ಬುದ್ಧಿ ಹೇಳೋಳು ನೀನೇ ತಾನೇ?"

ಎರಡನೇ ಸಲ ಮೂವರೂ ಒಂದೊಂದು ಕುಂಡಕ್ಕೆ ಕೈ ಹಾಕಿ, ಕುಗ್ಗುವಷ್ಟು ಮಣ್ಣನ್ನು ಅಂಚಿಗೆ ಹೆಚ್ಚುವರಿ ಬಿಟ್ಟರು. ಮಗಳು ತನ್ನದಕ್ಕೆ ಸುತ್ತಲೂ ಶರ್ಟಿನ ಗುಂಡಿ ಒತ್ತಿದಳು. "ಮೂವತ್ತು ವರ್ಷ ಸ್ಟೇರಿಂಗ್ ಹಿಡಿದ ಕೈ ಇದು," ಎನ್ನುತ್ತ ಗಂಡ ಮಾಡಿದ್ದು ಮಾತ್ರ ಎಡತಿರುವಿನಲ್ಲಿರುವ ಬಸ್ಸಿನಂತೆ ವಾಲಿತು.

ಹೇಳಿದ ಭಾನುವಾರ ಸೆಕ್ರೆಟರಿ ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಗೋಣಿಚೀಲ ಹಿಡಿದು ಬಂದರು. ಅಳೆದರು. ಒಂಬತ್ತು. ಒಂಬತ್ತು. ಮೂರನೆಯದು ಒಂದು ಕಡೆ ಎಂಟು, ಇನ್ನೊಂದು ಕಡೆ ಒಂಬತ್ತೂವರೆ.

"ಬಿಳಿಯಲ್ಲ, ಪ್ಲಾಸ್ಟಿಕ್ ಅಲ್ಲ, ನೆಟ್ಟಗಂತೂ ಇಲ್ಲವೇ ಇಲ್ಲ. ಎಲ್ಲ ಒಂದೇ ಥರ ಇದ್ರೇನೇ ಶಿಸ್ತು ಕಣಮ್ಮಾ."

"ಹಾಗಾದ್ರೆ ಸಾರ್, ನಾಳೆಯಿಂದ ಎಲ್ರಿಗೂ ಮೂವತ್ತೆರಡರ ಪ್ಯಾಂಟೇ ಹೊಲೀಲಾ? ನಿಮ್ಮಿಂದಲೇ ಶುರು ಮಾಡೋಣ."

ಅರೆತೆರೆದ ಬಾಗಿಲುಗಳ ಹಿಂದೆ ಯಾರೋ ಕಿಸಕ್ಕೆಂದರು. ಸೆಕ್ರೆಟರಿ ಹೊಟ್ಟೆಯನ್ನು ಒಳಗೆಳೆದುಕೊಂಡರು. "ಅದು ಬೇರೆ, ಇದು ಬೇರೆ!"

"ಎರಡೂ ಒಂದೇ. ಎರಡು ಹೆಗಲು ಒಂದೇ ಥರ ಇದ್ದದ್ದು ನಾನು ಇಲ್ಲಿವರೆಗೂ ಕಂಡಿಲ್ಲ. ಹಾಗಂತ ಯಾರಿಗೂ 'ನೀವು ಸರಿಯಿಲ್ಲ' ಅಂದಿಲ್ಲ. ಇವು ನಮ್ಮ ಮೂವರ ಕೈಯಲ್ಲಿ ಆದವು. ಕಸಕ್ಕೆ ಹಾಕ್ಲೇಬೇಕು ಅಂದ್ರೆ ನೀವೇ ಬಗ್ಗಿ ಎತ್ತಿ. ನಾವ್ಯಾರೂ ಕೈ ಹಚ್ಚಲ್ಲ."

ಸೆಕ್ರೆಟರಿ ಚೀಲ ಬಿಚ್ಚಿ ಅರ್ಧ ಬಗ್ಗಿದರು. ಅಲ್ಲೇ ನಿಂತರು. ತೊಟ್ಟಿದ್ದ ಪ್ಯಾಂಟನ್ನು ಇನ್ನು ಸಡಿಲಿಸಲು ಒಳಗೆ ಬಟ್ಟೆಯೇ ಉಳಿದಿಲ್ಲ ಎಂದು ಟೈಲರಮ್ಮ ಕಳೆದ ಸಲವೇ ಎಚ್ಚರಿಸಿದ್ದರು. ಸೆಕ್ರೆಟರಿ ಮೆಲ್ಲಗೆ ನೆಟ್ಟಗಾದರು.

"ಮೀಟಿಂಗಲ್ಲಿ ಮಾತಾಡೋಣ," ಎಂದು ಮೆಟ್ಟಿಲಿಳಿದರು.

"ಇದನ್ನ ಹಿಂದಕ್ಕೆ ಸರಿಸ್ಲಾ?" ಗಂಡ ತಮ್ಮ ವಾಲಿದ ಕುಂಡ ಮುಟ್ಟಿ ಕೇಳಿದರು.

"ಹಿಂದಕ್ಯಾಕ್ರೀ? ಮುಂದಕ್ಕಿಡಿ," ಎಂದರು ಟೈಲರಮ್ಮ. "ಮೀಟಿಂಗಿಗೆ ಕರೆಯೋಕೆ ಬರೋರಿಗೆ ಮೊದಲು ಅದೇ ಕಾಣ್ಲಿ."