ಹಿಮದ ಮೇಲಿನ ಕೆಂಪು

ನನ್ನ ನೆನಪುಗಳ ಪೈಕಿ ಒಂದನ್ನು ಮಾತ್ರ ನಾನು ಯಾವತ್ತೂ ಅನುಮಾನಿಸಿರಲಿಲ್ಲ. ಉಳಿದವಕ್ಕೆಲ್ಲ ಸಾಕ್ಷಿ ಕೇಳುವ ಚಟ ನನ್ನದು. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ, ಕಾಲೇಜಿನಲ್ಲಿ ಅದನ್ನೇ ಕಲಿಸಿದ್ದರ ಫಲ. ಬೀಗ ಹಾಕಿದ ನೆನಪನ್ನೂ ನಂಬದೆ ಶಿರಸಿ ಬಸ್ ಸ್ಟ್ಯಾಂಡಿನಿಂದ ಮನೆಗೆ ವಾಪಸು ಹೋದವನು ನಾನು.

ಅನುಮಾನಕ್ಕೆ ಹೊರತಾದ ಆ ನೆನಪು ಶಿಮ್ಲಾದ್ದು. ಮದುವೆಯಾದ ಹೊಸತರಲ್ಲಿ ನಾನೂ ಹೆಂಡತಿ ಸುಮತಿಯೂ ಹೋಗಿದ್ದೆವು. ಅವಳ ಅಣ್ಣ, ಯಲ್ಲಾಪುರದ ಭಾವ, ತನ್ನ ಕ್ಯಾಮೆರಾಕ್ಕೆ ಬಣ್ಣದ ರೀಲು ಹಾಕಿ ಕೊಟ್ಟಿದ್ದ. ರಾತ್ರಿ ಹಿಮ ಬಿದ್ದು ಬೆಳಿಗ್ಗೆ ಬಿಸಿಲು ಬಂದಿತ್ತು. ನಮ್ಮ ಕಡೆ ಯಾವ ಬಣ್ಣವೂ ಹಸಿರಿನ ಜೊತೆ ಜಗಳವಾಡಿಯೇ ಬದುಕಬೇಕು. ಅಲ್ಲಿ ಊರೇ ಅಳಿಸಿಹೋಗಿ, ಒಂದೊಂದೇ ಬಣ್ಣ ಆಗಷ್ಟೇ ಹುಟ್ಟಿದಂತೆ ಬೀದಿಗೆ ಬರುತ್ತಿತ್ತು. ಹೊರೆಯಾಳಿನ ಬೆನ್ನ ಮೇಲೊಂದು ಹಳದಿ ಡಬ್ಬ. ಚಹದಂಗಡಿಯ ಹಸಿರು ಬಾಗಿಲು. ಆಮೇಲೆ, ಕೆಂಪು ಕೊಡೆ ಹಿಡಿದ ಒಬ್ಬಳು. ಆ ಕೆಂಪಿಗೆ ಎದೆ ಝಲ್ಲೆಂದಿತು. ಉಸಿರು ಹಿಡಿದು ಗುಂಡಿ ಒತ್ತಿದೆ.

ಪ್ರಿಂಟುಗಳು ಮೊದಲ ಮಳೆಗಾಲದ ಥಂಡಿಗೇ ಒಂದಕ್ಕೊಂದು ಅಂಟಿ ಹಾಳಾದವು. ಕೊಡೆ ನನ್ನ ಬಾಯಲ್ಲಿ ಉಳಿಯಿತು. ಹೇಳಿ ಹೇಳಿ ಅದರ ಕೆಂಪು ಏರಿತೇ ಹೊರತು ಮಾಸಲಿಲ್ಲ.

ಮೊನ್ನೆ ಭಾವ ಕಪಾಟು ತೆಗೆಯುವಾಗ ನೆಗೆಟಿವ್ ಸಿಕ್ಕಿದವಂತೆ. ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ಸ್ಕ್ಯಾನ್ ಮಾಡಿಸಿ ಮೊಬೈಲಿನಲ್ಲಿ ತಂದು ತೋರಿಸಿದ. ನೆರಳು ಬಿದ್ದಲ್ಲೆಲ್ಲ ಹಿಮ ನೀಲಿಯಾಗಿತ್ತು.

“ಎಂತ ಭಾವಾ, ಹಿಮಕ್ಕೆ ನೀಲಿ ಹೆಚ್ಚಾಯ್ದು! ಅಮ್ಮ ನೀಲಿ ಹಾಕಿ ಅಪ್ಪಯ್ಯನ ಪಂಚೆ ತೊಳೆದಾಂಗೇ ಇದ್ದು” ಎಂದು ನಕ್ಕ.

ನನಗೆ ನಗು ಬರಲಿಲ್ಲ. ಚಿತ್ರದಲ್ಲಿದ್ದದ್ದು ಕಪ್ಪು ಕೊಡೆ.

ನನ್ನ ಅಪ್ಪ ಕೊನೆಗಾಲದಲ್ಲಿ “ತಮ್ಮದು ಯಾವೂರಾತು?” ಎಂದು ನನ್ನನ್ನೇ ವಿಚಾರಿಸುತ್ತಿದ್ದರು. ಅವರ ಮರೆವೂ ಹೀಗೆ ಒಂದು ಬಣ್ಣ ತಪ್ಪಿದಲ್ಲಿಂದ ಶುರುವಾಗಿತ್ತೇ? ನಮ್ಮ ತಾರ್ಕಿಕರು ಸ್ಮೃತಿಯನ್ನು, ಎಂದರೆ ನೆನಪನ್ನು, ಪ್ರಮಾಣವೆಂದು ಒಪ್ಪಲಿಲ್ಲ. ಕ್ಲಾಸಿನಲ್ಲಿ ಅದನ್ನು ಎಷ್ಟು ಗತ್ತಿನಿಂದ ಪಾಠ ಮಾಡಿದ್ದೆ! ಹಗ್ಗವನ್ನು ಹಾವೆಂದು ಹೆದರಿದವನಿಗೆ ದೀಪ ಹಿಡಿದರೆ ಸಾಕು. ನನಗೆ ದೀಪ ಹಿಡಿದ ಮೇಲೆಯೇ ಹೆದರಿಕೆ ಹುಟ್ಟಿತು.

ಸುಮತಿ ಕನ್ನಡಕ ಹಾಕಿಕೊಂಡು ಬಂದಳು. ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಕೊಡೆಯವಳನ್ನು ಪರದೆಯಾಚೆ ದಾಟಿಸಿ, ಚಿತ್ರದ ಕೆಳಗಿನ ಮೂಲೆಗೆ ಬಂದು ನಿಂತಳು.

“ಇಲ್ಲಿ ನೋಡಿ.”

ಅಲ್ಲಿ ಯಾರೂ ಇರಲಿಲ್ಲ. ಹಿಮವೊಂದೇ. ಆದರೆ ಆ ಹಿಮಕ್ಕೆ ತೆಳ್ಳಗೆ ಕೆಂಪು ಹತ್ತಿತ್ತು.

“ಅದು ಯನ್ನ ಕೆಂಪು ಶಾಲು. ಅದರ ಮೇಲೆ ಬಿಸಿಲು ಬಿದ್ದು ಹತ್ರದ ಹಿಮವೆಲ್ಲ ಕೆಂಪಾಗಿತ್ತು. ಆನು ನಿಂಗಳ ಪಕ್ಕದಲ್ಲೇ ನಿಂತಿದ್ದೆ. ಕೊಡೆಯವಳನ್ನ ನೋಡ್ತಾ ಇದ್ದವಕ್ಕೆ ಎಲ್ಲಿ ಕಾಣ್ತು!”

“ಸಿಕ್ಕಿಬಿದ್ದೆ ಭಾವಾ!” ಎಂದ ಅವಳ ಅಣ್ಣ.

ನಾನು ಮೊಬೈಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಮತ್ತೆ ನೋಡಿದೆ. ಚೌಕಟ್ಟಿನೊಳಗೆ ಇಲ್ಲದವಳು ಹಿಮದ ಮೇಲೆ ಬರೀ ಬಣ್ಣವಾಗಿ ಬಿದ್ದುಕೊಂಡಿದ್ದಳು. ಕೆಂಪು ಸುಳ್ಳಾಗಿರಲಿಲ್ಲ, ಪಕ್ಕದಲ್ಲಿ ನಿಂತವಳದ್ದನ್ನು ಎದುರಿಗೆ ಹಾದುಹೋದವಳಿಗೆ ಕೊಟ್ಟುಬಿಟ್ಟಿದ್ದೆ, ಅಷ್ಟೆ.

“ಶಾಲು ಟ್ರಂಕಲ್ಲಿ ಇದ್ದು. ತಂದು ತೋರಿಸ್ಲಾ?” ಎಂದಳು ಸುಮತಿ.

ಬೇಡ ಎಂದೆ. ಸಾಕ್ಷಿ ಬೇಕೆನಿಸಲಿಲ್ಲ.