ಐವರು ಡಾಕ್ಟರಿಗೆ ಒಂದು ಮೂಟೆ

ತೊಂಬತ್ತರ ದಶಕದಲ್ಲಿ ನಮ್ಮಪ್ಪನ ಹರ್ನಿಯಾ ಆಪರೇಷನ್ನಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಐವರು ಡಾಕ್ಟರುಗಳು ಸೇರಿದರು: ಕೊಯ್ಯುವವರು, ಅರಿವಳಿಕೆಯವರು, ಹೃದಯದವರು, ಸಕ್ಕರೆ ಕಾಯಿಲೆಯವರು, ಕೆಮ್ಮಿನವರು. ಹರಿದ ಗೋಣಿಗೆ ಹೊಲಿಗೆ ಹಾಕಲು ಇಷ್ಟು ಜನವೇ ಎಂದು ನಾನು ಗೊಣಗಿದ್ದೆ. ಮನೆಗೆ ಕಳಿಸುವ ದಿನ ಐವರೂ ಬೇರೆಬೇರೆಯಾಗಿ ಬಂದು, "ಮೂರು ತಿಂಗಳು ಭಾರ ಎತ್ತಬೇಡಿ" ಎಂದರು. ಅಪ್ಪ ಐದು ಸಲವೂ "ಆಯ್ತು ಸಾ" ಎಂದ.

ತಿಂಗಳಾದ ಮೇಲೆ ತೋರಿಸಬೇಕಿತ್ತು. ನಮ್ಮೂರು ಕವಲಂದೆಯಿಂದ ಹೊರಟು, ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಆಸ್ಪತ್ರೆಗೆ ಬಂದ ಅಪ್ಪನ ಹೆಗಲ ಮೇಲೆ ತೆಂಗಿನಕಾಯಿ ಮೂಟೆ!

"ಗುಣ ಮಾಡಿದೋರತ್ರ ಬರಿಗೈಲಿ ಓಗಕಾಯ್ತದೇನ್ಲಾ? ಒಬ್ರಿಗೆ ಕೊಟ್ಟು ಒಬ್ರಿಗೆ ಬುಟ್ರೆ ಚೆಂದಾಗಿರ್ತದಾ? ಒಬ್ಬೊಬ್ರಿಗೂ ಅತ್ತತ್ತು ಕಾಯಿ."

ಒಳಗಿನ ಹೊಲಿಗೆ ಬಿಟ್ಟುಕೊಂಡಿದೆಯೆಂದು ಐವರೂ ಒಮ್ಮತದಿಂದ ಹೇಳಿದರು. ಡಾಕ್ಟರು ಒಬ್ಬರೇ ಆಗಿದ್ದಿದ್ದರೆ ಹತ್ತು ಕಾಯಿಯಲ್ಲಿ ಮುಗಿಯುತ್ತಿತ್ತು.